ರೊಟ್ಟಿ ಆಕೆಯದು, ರೇಟು ಯಾರದು?

ಹೋದ ಬೇಸಿಗೆಯಲ್ಲಿ ನಮ್ಮ ವೈನಿಯ, ಅಂದರೆ ಅಣ್ಣನ ಹೆಂಡತಿಯ, ಜೊತೆ ಕಲಬುರಗಿಯ ಒಂದು ಬ್ಯಾಂಕಿಗೆ ಹೋಗಿದ್ದೆ. ವೈನಿ ಒಂಬತ್ತು ವರ್ಷದಿಂದ ಮನೆಯಲ್ಲೇ ಜೋಳದ ರೊಟ್ಟಿ ಮಾಡಿ ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ಕೊಡುತ್ತಾರೆ. ಹಿಟ್ಟು ನಾದುವ ಯಂತ್ರವೊಂದು, ಎರಡು ದೊಡ್ಡ ಒಲೆ, ಮನೆ ಮುಂದಿನ ಜಾಗಕ್ಕೆ ತಗಡಿನ ಛಾವಣಿ, ಇಷ್ಟಕ್ಕೆ ಎರಡೂವರೆ ಲಕ್ಷ ರೂಪಾಯಿ ಸಾಲ ಬೇಕಿತ್ತು. ಆಧಾರ್, ಪ್ಯಾನ್, ಉದ್ಯಮ್ ನೋಂದಣಿ, ಆಹಾರ ಸುರಕ್ಷತೆಯ ಪ್ರಮಾಣಪತ್ರ, ಪಾಸ್‌ಬುಕ್ಕಿನ ಜೆರಾಕ್ಸ್ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಜೋಡಿಸಿಕೊಂಡು ಬಂದಿದ್ದರು. ಅಧಿಕಾರಿ ಕಾಗದಗಳನ್ನು ಒಂದೊಂದಾಗಿ ತಿರುವಿ ನೋಡಿದರು. ಮುಖದಲ್ಲಿ ಸಿಟ್ಟಿರಲಿಲ್ಲ, ಅಸಡ್ಡೆಯೂ ಇರಲಿಲ್ಲ. ಕೊನೆಯ ಹಾಳೆ ಕೆಳಗಿಟ್ಟು ಕೇಳಿದರು:

“ಯಜಮಾನ್ರು ಎಲ್ಲಿದಾರ್ರಿ?”

“ಈ ಧಂದಾಕ್ಕ ಯಜಮಾನಿ ನಾನೇ ಇದೀನ್ರಿ ಸರ.”

“ಹಂಗಲ್ರಿ ಅಕ್ಕೋರೆ, ನಿಮ್ಮ ಮನಿಯವ್ರು. ಅವ್ರನ್ನ ಕರ್ಕೊಂಡ ಬರ್ರಿ, ಕುಂತು ಮಾತಾಡೋಣ.”

ನಮ್ಮಣ್ಣ ಗಂಜಿನ, ಅಂದರೆ ಕಾಳಿನ ಪೇಟೆಯ, ಅಡತ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ. ಎಷ್ಟು ಕೆಜಿ ಹಿಟ್ಟಿಗೆ ಎಷ್ಟು ರೊಟ್ಟಿ ಏಳುತ್ತವೆ, ಯಾವ ಖಾನಾವಳಿಯಿಂದ ಎಷ್ಟು ಬಾಕಿ ಬರಬೇಕು ಎಂಬುದು ಅವನಿಗೆ ಗೊತ್ತಿಲ್ಲ, ಗೊತ್ತಿರಬೇಕಾದ ಕಾರಣವೂ ಇಲ್ಲ. ಆದರೂ ಮಾತು ಆಡಬೇಕಾದದ್ದು ಅವನ ಜೊತೆ.

ಇದೇ ವೈನಿ ಸರ್ಕಾರದ ಇನ್ನೊಂದು ಕಾಗದದಲ್ಲಿ ‘ಕುಟುಂಬದ ಯಜಮಾನಿ’. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಬಂದ ಮೇಲೆ ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ಹೆಣ್ಣುಮಗಳನ್ನೇ ಕುಟುಂಬದ ಮುಖ್ಯಸ್ಥೆ ಎಂದು ಬರೆಯಬೇಕು. 2023ರ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಬರುವುದೂ ಯಜಮಾನಿಯ ಖಾತೆಗೇ. ಅಕ್ಕಿ ತರುವಾಗ, ಮನೆ ಖರ್ಚಿನ ರೊಕ್ಕ ಪಡೆಯುವಾಗ ಆಕೆ ಯಜಮಾನಿ ಎಂದು ಒಪ್ಪಲು ಯಾರಿಗೂ ತಕರಾರಿಲ್ಲ. ದುಡಿಮೆಗೆ ಬಂಡವಾಳ ಕೇಳಲು ಬಂದ ದಿನ ಅದೇ ಪದ ಗಂಡನ ಹೆಸರಿಗೆ ಜಾರಿಬಿಡುತ್ತದೆ.

ಹೆಣ್ಣು ಮತ್ತು ಉದ್ಯಮದ ಬಗ್ಗೆ ಮಾತೆತ್ತಿದರೆ “ಹೆಂಗಸರನ್ನ ಹೊರಗ ಬಿಡಾಂಗಿಲ್ಲ, ಅದಕ್ಕ ಹಿಂದುಳಿದಾರ” ಎಂಬ ಉತ್ತರ ಬರುತ್ತದೆ. ನಮ್ಮ ಭಾಗಕ್ಕೆ ಈ ಉತ್ತರ ಅರ್ಧ ಮಾತ್ರ ಸರಿ. ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಹೆಂಗಸರು ಯಾವತ್ತು ಮನೆಯಲ್ಲಿ ಕುಳಿತಿದ್ದರು? ತೊಗರಿ ಹೊಲದಲ್ಲಿ ಕಳೆ ತೆಗೆಯುವವರು, ಹತ್ತಿ ಬಿಡಿಸುವವರು, ಗಂಜಿನಲ್ಲಿ ಕಾಳು ಹಸನು ಮಾಡುವವರು, ಸಂತೆಯಲ್ಲಿ ಕಾಯಿಪಲ್ಲೆ ಮಾರುವವರು ಹೆಂಗಸರೇ. ಆಕೆ ದುಡಿಯುವುದು ಯಾರ ಕಣ್ಣಿಗೂ ಚುಚ್ಚುವುದಿಲ್ಲ. ಅವಳು ಬೆಲೆ ಹೇಳತೊಡಗಿದಾಗ, ಆಳು ಇಟ್ಟುಕೊಂಡಾಗ, ಬಾಕಿ ವಸೂಲಿಗೆ ನಿಂತಾಗ, ಸಹಿ ಹಾಕಲು ಕುರ್ಚಿ ಎಳೆದು ಕೂತಾಗ ಚುಚ್ಚುತ್ತದೆ. ಹೆಣ್ಣಿನ ಬಗ್ಗೆ ನಾವು ಹೊತ್ತು ತಿರುಗುವ ಸಿದ್ಧ ಕಲ್ಪನೆಗಳು ಆಕೆಯ ಕೈಯನ್ನು ಹಿಡಿದು ನಿಲ್ಲಿಸುವುದಿಲ್ಲ. ದುಡಿಯಲು ಬಿಟ್ಟು, ಒಡೆತನದ ಹೊಸ್ತಿಲಲ್ಲಿ ನಿಲ್ಲಿಸುತ್ತವೆ. ಈ ಲೇಖನದಲ್ಲಿ ನಾನು ಹೇಳಬೇಕಿರುವುದು ಇದನ್ನೇ.

ಬೀಸುಕಲ್ಲಿನಿಂದ ಗಿರಣಿಗೆ

ನಮ್ಮ ಅಜ್ಜಿಯ ಕಾಲದಲ್ಲಿ ಜೋಳ ಬೀಸುವುದು ಹೆಂಗಸರ ಕೆಲಸ. ನಸುಕಿನಲ್ಲಿ ಎದ್ದು ಇಬ್ಬರು ಎದುರುಬದುರು ಕೂತು ಬೀಸುಕಲ್ಲು ತಿರುಗಿಸುತ್ತಿದ್ದರು. ಅದಕ್ಕೆ ಯಾರೂ ದುಡ್ಡು ಕೊಡುತ್ತಿರಲಿಲ್ಲ, ಕೊಡಬೇಕು ಎಂದೂ ಯಾರಿಗೂ ಅನ್ನಿಸಿರಲಿಲ್ಲ. ಊರಿಗೆ ಕರೆಂಟು ಬಂತು, ಹಿಟ್ಟಿನ ಗಿರಣಿ ಬಂತು. ಕೆಜಿಗೆ ಇಷ್ಟು ಎಂದು ಬೀಸುವ ದರ ನಿಗದಿಯಾಯಿತು. ಗಿರಣಿಯ ಬಾಗಿಲಲ್ಲಿ ಹಿಟ್ಟು ಮೆತ್ತಿದ ಅಂಗಿ ತೊಟ್ಟು ನಿಂತವನು ಗಂಡಸು. ಡಬ್ಬಿ ಹೊತ್ತು ಸಾಲಿನಲ್ಲಿ ನಿಂತವರು ಮಾತ್ರ ಮೊದಲಿನ ಹೆಂಗಸರೇ. ಬೀಸುವ ಕೆಲಸ ಒಂದೇ. ಅದಕ್ಕೆ ಯಂತ್ರ ಮತ್ತು ರೊಕ್ಕ ಕೂಡಿದ ದಿನ ಅದು ಕೈ ಬದಲಿಸಿತು.

ಅಡುಗೆಯಲ್ಲೂ ಇದೇ ಆಗಿದೆ. ಮನೆಯಲ್ಲಿ ಮೂರು ಹೊತ್ತು ಹೆಂಗಸರು, ಮದುವೆಯ ಕಡಾಯಿ ಮುಂದೆ ಗಂಡಸರು. ಹೊಲಿಗೆಯಲ್ಲೂ ಇದೇ: ಓಣಿಯೊಳಗೆ ಬ್ಲೌಸ್ ಹೊಲಿಯುವವರು ಹೆಂಗಸರು, ಮುಖ್ಯ ರಸ್ತೆಯಲ್ಲಿ ಅಂಗಡಿ ತೆರೆದು ನಾಲ್ಕು ಮೆಷಿನ್ ಹಾಕಿದವರು ಬಹುತೇಕ ಗಂಡಸರು. ಗಂಡಸಿನ ಬಳಿ ಇದು ‘ಕಸುಬು’. ಹೆಂಗಸಿನ ಬಳಿ ‘ಬರ್ತದ, ಮಾಡ್ತಾಳ’. ಕಲಿತದ್ದು ಎಂದು ಯಾರೂ ಎಣಿಸದ ಕೌಶಲಕ್ಕೆ ದರ ಎಲ್ಲಿಂದ ಬರಬೇಕು?

ಇದನ್ನು ಅಂಕಿಯಲ್ಲೂ ನೋಡಬಹುದು. 2013–14ರ ಆರನೇ ಆರ್ಥಿಕ ಗಣತಿಯ ಪ್ರಕಾರ ದೇಶದ 5.85 ಕೋಟಿ ಉದ್ದಿಮೆಗಳಲ್ಲಿ ಹೆಂಗಸರ ಒಡೆತನದವು ಸುಮಾರು 80.5 ಲಕ್ಷ, ಅಂದರೆ ಶೇ 13.76. ಅವುಗಳಲ್ಲಿ ಶೇ 83ರಷ್ಟು ಉದ್ದಿಮೆಗಳಲ್ಲಿ ಸಂಬಳ ಕೊಟ್ಟು ಇಟ್ಟುಕೊಂಡ ಒಬ್ಬ ಆಳೂ ಇರಲಿಲ್ಲ. ಶೇ 79ರಷ್ಟು ನಡೆದದ್ದು ಸ್ವಂತ ರೊಕ್ಕದಲ್ಲಿ. ಸಂಖ್ಯೆ ಕಡಿಮೆ ಎಂಬುದಕ್ಕಿಂತ ನನಗೆ ಹೆಚ್ಚು ತಟ್ಟಿದ್ದು ಈ ಕೊನೆಯ ಎರಡು ಅಂಕಿ. ಒಬ್ಬಳೇ ದುಡಿದು, ತನ್ನದೇ ಕೂಡಿಟ್ಟ ಕಾಸು ಹಾಕಿ, ಅಲ್ಲಲ್ಲೇ ನಿಂತಿರುವ ವ್ಯವಹಾರಗಳು ಇವು.

ಎರಡು ರೂಪಾಯಿಯ ಜಗಳ

ರೊಟ್ಟಿಯ ಲೆಕ್ಕವನ್ನು ಹತ್ತಿರದಿಂದ ನೋಡೋಣ. ನಾನು ವೈನಿಯ ಪಕ್ಕದಲ್ಲಿ ಕೂತು ಒಂದು ದಿನದ್ದನ್ನು ಬರೆದುಕೊಂಡಿದ್ದೆ.

ಬೆಳಿಗ್ಗೆ ಐದಕ್ಕೆ ಒಲೆ ಹೊತ್ತುತ್ತದೆ. ಎಸರು ಕುದಿಯಬೇಕು, ಹಿಟ್ಟಿಗೆ ಬಿಸಿನೀರು ಹದವಾಗಿ ಬೀಳಬೇಕು. ಕಡಿಮೆಯಾದರೆ ತಟ್ಟುವಾಗ ಅಂಚು ಒಡೆಯುತ್ತದೆ, ಹೆಚ್ಚಾದರೆ ಕೈಗೆ ಮೆತ್ತುತ್ತದೆ. ಹೊಸ ಜೋಳಕ್ಕೆ ಒಂದು ಹದ, ಹಳೆಯದಕ್ಕೆ ಇನ್ನೊಂದು. ಅಂಗೈಯಲ್ಲಿ ನಾದಿ, ಕೊಣಮಿಗೆ ಎಂಬ ಕಟ್ಟಿಗೆಯ ತಟ್ಟೆಯಲ್ಲಿ ತಟ್ಟಿ ತಿರುಗಿಸಿ ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರುವುದು. ನೀರು ಆರುತ್ತಿದ್ದಂತೆ ಮಗುಚಬೇಕು, ತಡವಾದರೆ ರೊಟ್ಟಿ ಉಬ್ಬುವುದಿಲ್ಲ. ಕಡಕ್ ರೊಟ್ಟಿಯಾದರೆ ಸಣ್ಣ ಉರಿಯಲ್ಲಿ ಇನ್ನಷ್ಟು ಹೊತ್ತು ಒಣಗಿಸಬೇಕು. ಏಪ್ರಿಲ್‌–ಮೇನಲ್ಲಿ ಹೊರಗೆ 42, 43 ಡಿಗ್ರಿ ಇರುವಾಗ ಇದನ್ನು ತಗಡಿನ ಕೆಳಗೆ ಕೂತು ಮಾಡಬೇಕು.

ವೈನಿ ಮತ್ತು ಅವರ ತಂಗಿ ಸೇರಿ ಆ ದಿನ 250 ರೊಟ್ಟಿ ಮಾಡಿದರು. ಕೆಜಿ ಹಿಟ್ಟಿಗೆ 18 ರೊಟ್ಟಿಯಂತೆ ಹತ್ತಿರ ಹತ್ತಿರ 14 ಕೆಜಿ ಹಿಟ್ಟು, ಕೆಜಿಗೆ 45 ರೂಪಾಯಿಯಂತೆ 630 ರೂಪಾಯಿ. ಗ್ಯಾಸ್ 250. ಪ್ಯಾಕೆಟ್ಟು, ಆಟೋ ಸೇರಿ 120. ಒಟ್ಟು ಖರ್ಚು ಸಾವಿರ ರೂಪಾಯಿ. ಖಾನಾವಳಿಯವರು ಕೊಡುತ್ತಿದ್ದದ್ದು ರೊಟ್ಟಿಗೆ ಆರು ರೂಪಾಯಿ, ಅಂದರೆ 1,500. ಉಳಿದದ್ದು 500. ಇಬ್ಬರಿಗೆ ತಲಾ 250 ರೂಪಾಯಿ. ಕರ್ನಾಟಕದಲ್ಲಿ 2025–26ಕ್ಕೆ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಇತ್ತು. ಒಂಬತ್ತು ವರ್ಷದ ಕೈಚಳಕ, ಸ್ವಂತ ಒಲೆ, ಸ್ವಂತ ಜವಾಬ್ದಾರಿ ಎಲ್ಲ ಸೇರಿಯೂ ಮಣ್ಣು ಹೊರುವ ಕೂಲಿಗಿಂತ 120 ರೂಪಾಯಿ ಕಡಿಮೆ.

“ಇದರಾಗ ನಿಮ್ಮ ಕೂಲಿ ಎಷ್ಟ ಹಿಡದೀರಿ ವೈನಿ?” ಎಂದು ಕೇಳಿದೆ. “ನನ್ನ ಕೂಲಿ ಏನು ಹಿಡೀಲಿ? ಮನ್ಯಾಗೇ ಇರ್ತೀನಲ್ಲ,” ಎಂದರು.

ಎಂಟು ರೂಪಾಯಿ ಕೇಳಿ ನೋಡಿ ಎಂದೆವು. ರೊಟ್ಟಿಗೆ ಎರಡು ರೂಪಾಯಿ ಏರಿದರೆ ಅದೇ ಖರ್ಚಿನಲ್ಲಿ ತಲಾ 500 ರೂಪಾಯಿ ಉಳಿಯುತ್ತದೆ, ಗಳಿಕೆ ಸರಿಯಾಗಿ ದುಪ್ಪಟ್ಟು. ಖಾನಾವಳಿಯವನು ಹೇಳಿದ್ದು: “ಮನ್ಯಾಗ ಕುಂತು ಮಾಡೋದಕ್ಕ ಎಂಟು ರೂಪಾಯಿ ಏನ್ರಿ ಅಕ್ಕಾ? ನಮ್ಮನಿಯಾಗೂ ಮಾಡ್ತಾರ.” ಅದೇ ವ್ಯಕ್ತಿ ಗ್ಯಾಸ್ ಸಿಲಿಂಡರಿನ ದರ ಏರಿದಾಗ ಏಜೆನ್ಸಿಯವರ ಜೊತೆ ಹೀಗೆ ವಾದಿಸುವುದಿಲ್ಲ. ತನ್ನ ಊಟದ ತಟ್ಟೆಗೆ ಹತ್ತು ರೂಪಾಯಿ ಏರಿಸುವಾಗ ಗಿರಾಕಿಯ ಅಪ್ಪಣೆಯನ್ನೂ ಕೇಳಿರಲಿಲ್ಲ. ಅವನು ಕೆಟ್ಟವನು ಎಂದು ಹೇಳುತ್ತಿಲ್ಲ. ಅವನ ಮನಸ್ಸಿನಲ್ಲಿ ರೊಟ್ಟಿ ಎಂದರೆ ಅವ್ವ, ಹೆಂಡತಿ ಪುಕ್ಕಟೆ ಮಾಡಿ ಬಡಿಸುವ ವಸ್ತು. ವೈನಿಯ ಮನಸ್ಸಿನಲ್ಲೂ ಅದು ಹಾಗೇ ಇತ್ತು. ಈ ಕಲ್ಪನೆ ಕೊಳ್ಳುವವನ ತಲೆಯಲ್ಲಿ ಎಷ್ಟು ಗಟ್ಟಿಯಾಗಿದೆಯೋ ಮಾರುವವಳ ತಲೆಯಲ್ಲೂ ಅಷ್ಟೇ ಗಟ್ಟಿ. ದರ ಕೇಳುವಾಗ ಅವರ ದನಿ ತಾನಾಗಿ ಇಳಿಯುವುದನ್ನು ನಾನು ಕಂಡಿದ್ದೇನೆ.

‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಮಹಿಳಾ ಗುಂಪುಗಳ ರೊಟ್ಟಿ ಪ್ಯಾಕೆಟ್ಟಾಗಿ ಮಾರುಕಟ್ಟೆಗೆ ಬಂದದ್ದು ಇಲ್ಲಿ ದೊಡ್ಡ ವಿಷಯ. 2025ರ ಜೂನ್‌ನಲ್ಲಿ ಪ್ರಧಾನಿ ತಮ್ಮ ‘ಮನ್ ಕಿ ಬಾತ್’ನಲ್ಲಿ ಕಲಬುರಗಿಯ ಹೆಂಗಸರು ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ರೊಟ್ಟಿ ಮಾಡುತ್ತಾರೆ, ಬೆಂಗಳೂರಿನಲ್ಲೂ ಮಳಿಗೆ ತೆರೆದಿದ್ದಾರೆ ಎಂದು ಹೇಳಿದ ಮೇಲೆ ಎಲ್ಲರೂ ಬ್ರ್ಯಾಂಡಿನ ಬಗ್ಗೆ ಮಾತಾಡಿದರು. ನನಗೆ ಕಂಡ ಲಾಭ ಬೇರೆ. ಪ್ಯಾಕೆಟ್ಟಿನ ಮೇಲೆ ಬೆಲೆ ಅಚ್ಚಾಗಿರುತ್ತದೆ. ಹಿತ್ತಲ ಬಾಗಿಲಲ್ಲಿ ಒಬ್ಬೊಬ್ಬಳೇ ನಿಂತು ದನಿ ಇಳಿಸಿ ಹೇಳಬೇಕಿದ್ದ ಬೆಲೆಯನ್ನು ಈಗ ಕಾಗದ ಹೇಳುತ್ತದೆ, ಅದೂ ಎಲ್ಲರಿಗೂ ಒಂದೇ ಬೆಲೆ. ಶೇಂಗಾ ಹಿಂಡಿಗೂ, ಅಗಸಿ ಹಿಂಡಿಗೂ ಇದೇ ದಾರಿ ಆಗಬೇಕು.

ಇಲ್ಲಿ ಮುಚ್ಚಿಡಬಾರದ ಇನ್ನೊಂದು ಮಾತಿದೆ. ಅಡುಗೆಯ ವ್ಯವಹಾರ ಎಲ್ಲ ಹೆಂಗಸರಿಗೂ ತೆರೆದಿಲ್ಲ. ನಮ್ಮ ಭಾಗದ ಖಾನಾವಳಿಗಳ ಬೋರ್ಡಿನ ಮೇಲೆ ಜಾತಿಯ ಹೆಸರು ಇಂದಿಗೂ ಕಾಣುತ್ತದೆ. ದಲಿತ ಹೆಣ್ಣುಮಗಳು ಅಷ್ಟೇ ಚೊಕ್ಕ ರೊಟ್ಟಿ ಮಾಡಿದರೂ ಊರೊಳಗಿನ ಗಿರಾಕಿ ಮೊದಲು ಕೇಳುವುದು ‘ಯಾರ ಪೈಕಿ’ ಎಂದು. ಮುಸ್ಲಿಂ ಓಣಿಗಳಲ್ಲಿ ಮನೆಯೊಳಗೆ ಕೂತು ಹೊಲಿಯುವ ಹೆಂಗಸರ ಆರ್ಡರು ಬಹಳ ಸಲ ಗಂಡಸು ಮಧ್ಯವರ್ತಿಯ ಮೂಲಕವೇ ಬರುತ್ತದೆ, ಅವನ ಪಾಲು ಕಳೆದು. ಹೆಣ್ಣು ಎಂಬ ಒಂದೇ ಮಾತಿನಲ್ಲಿ ಇವರೆಲ್ಲರ ಕಷ್ಟವನ್ನು ಕಟ್ಟಿ ಹಾಕಲಾಗದು.

ಹೊತ್ತು ಯಾರ ಕೈಯಲ್ಲಿದೆ

2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೆ ಕೊಡುತ್ತಾರೆ, ಮನೆಗೆಲಸದಲ್ಲಿ ಕೈಹಾಕುವ ಗಂಡಸರು 88 ನಿಮಿಷ. ಮೂರು ತಾಸಿಗಿಂತ ಹೆಚ್ಚು ಅಂತರ. ವೈನಿಯ ರೊಟ್ಟಿ ಒಲೆ ಐದಕ್ಕೆ ಹೊತ್ತುವುದಕ್ಕೆ ಕಾರಣ ಇದೇ. ಎಂಟರೊಳಗೆ ಮಕ್ಕಳ ಡಬ್ಬಿ, ಅತ್ತೆಯ ಚಹಾ, ನೀರು ಹಿಡಿಯುವುದು ಮುಗಿಯಬೇಕು. ಗಂಡಸು ವ್ಯಾಪಾರಿ ಮಧ್ಯಾಹ್ನ ಗಂಜಿನಲ್ಲಿ ಒಂದು ಕಪ್ ಚಹಾದ ಮೇಲೆ ಮೂರು ಸಂಬಂಧ ಕುದುರಿಸುತ್ತಾನೆ, ಯಾರ ಬಳಿ ಜೋಳ ಅಗ್ಗ, ಯಾರು ಉದ್ರಿ ಮುಳುಗಿಸುತ್ತಾರೆ ಎಂಬ ಸುದ್ದಿಯೆಲ್ಲ ಅಲ್ಲೇ ಸಿಗುತ್ತದೆ. ಆ ಚಹಾದ ಕಟ್ಟೆಯ ಮೇಲೆ ವೈನಿ ಕೂರುವಂತಿಲ್ಲ. ಕೂತರೆ ಸಂಜೆಯೊಳಗೆ ಓಣಿಗೆ ಸುದ್ದಿ.

‘ಕೈಖರ್ಚಿಗೆ ಮಾಡ್ತಾಳ’ ಎಂಬ ಮಾತು ಹುಟ್ಟುವುದೂ ಇಲ್ಲೇ. ಆಕೆಯ ರೊಕ್ಕದಲ್ಲಿ ಮಕ್ಕಳ ಶಾಲೆಯ ಫೀ ಕಟ್ಟಿದರೂ ಅದರ ಹೆಸರು ಕೈಖರ್ಚು. ಹೀಗಾಗಿ ಮನೆಗೆ ಬೀಗರು ಬಂದರೆ ಮೊದಲು ನಿಲ್ಲುವುದು ಅವಳ ಒಲೆ. ಒಂದು ದಿನ ರೊಟ್ಟಿ ತಪ್ಪಿಸಿದ್ದಕ್ಕೆ ಖಾನಾವಳಿ ಕೈ ಬಿಟ್ಟರೆ “ಹೆಂಗಸರ ಮ್ಯಾಲೆ ಭರೋಸಾ ಇಡಾಂಗಿಲ್ಲ” ಎಂಬ ಮಾತಿಗೆ ಇನ್ನೊಂದು ಪುರಾವೆ ಸಿಕ್ಕಂತೆ.

ಸಣ್ಣ ಸಾಲಕ್ಕೆ ಸೈ, ದೊಡ್ಡದಕ್ಕೆ ಗಂಡ

ಹೆಂಗಸರಿಗೆ ಸಾಲವೇ ಸಿಗುವುದಿಲ್ಲ ಎಂದರೆ ಅದು ಸುಳ್ಳು. 2015ರ ಏಪ್ರಿಲ್‌ನಲ್ಲಿ ಶುರುವಾದ ಮುದ್ರಾ ಯೋಜನೆಯ ಹತ್ತು ವರ್ಷದ ಖಾತೆಗಳಲ್ಲಿ ಸುಮಾರು ಶೇ 68 ಹೆಂಗಸರವೇ. ಆದರೆ ಮುದ್ರಾದಲ್ಲಿ ಮೆಟ್ಟಿಲುಗಳಿವೆ: 50 ಸಾವಿರದವರೆಗೆ ಶಿಶು, 5 ಲಕ್ಷದವರೆಗೆ ಕಿಶೋರ, 10 ಲಕ್ಷದವರೆಗೆ ತರುಣ. ಹೆಂಗಸರು ಗುಂಪಾಗಿ ನಿಂತಿರುವುದು ಮೊದಲ ಮೆಟ್ಟಿಲ ಮೇಲೆ. ಶಿಶುವಿನಿಂದ ಕಿಶೋರಕ್ಕೆ ದಾಟುವ ಜಾಗದಲ್ಲೇ “ಯಜಮಾನ್ರು ಎಲ್ಲಿದಾರ್ರಿ” ಎಂಬ ಪ್ರಶ್ನೆ ಕೂತಿದೆ.

ಇಲ್ಲಿ ಕೆಲಸ ಮಾಡುವುದು ಹೊಗಳಿಕೆಯ ವೇಷದಲ್ಲಿರುವ ಒಂದು ಕಲ್ಪನೆ. “ಹೆಂಗಸರು ಸಾಲ ಮುಳುಗಿಸಾಂಗಿಲ್ಲ, ಅಂಜತಾರ, ತಪ್ಪದ ಕಟ್ತಾರ.” ಮೈಕ್ರೋ ಫೈನಾನ್ಸಿನವರು ಹೆಂಗಸರನ್ನೇ ಹುಡುಕಿಕೊಂಡು ಓಣಿಗೆ ಬರುವುದು ಇದೇ ನಂಬಿಕೆಯಿಂದ. ವಾರಕ್ಕೊಮ್ಮೆ ಕಂತು, ಗುಂಪಿನ ಜಾಮೀನು, ಒಬ್ಬಳು ತಪ್ಪಿದರೆ ಉಳಿದವರು ಅವಳ ಬಾಗಿಲಿಗೆ. ಆ ವಸೂಲಿಯ ಕಾಟ ಎಷ್ಟು ಮಿತಿಮೀರಿತೆಂದರೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಅದನ್ನು ತಡೆಯಲು ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಸಾಲ ಕೊಟ್ಟ ಮರುವಾರವೇ ಕಂತು ಶುರುವಾದರೆ ಯಂತ್ರ ಕೊಳ್ಳುವ ಧೈರ್ಯ ಯಾರಿಗೆ ಬರುತ್ತದೆ? ಇವತ್ತು ಹಿಟ್ಟು ತಂದು ನಾಳೆ ರೊಟ್ಟಿ ಮಾರುವಷ್ಟರಲ್ಲೇ ವ್ಯವಹಾರ ಸುತ್ತುತ್ತದೆ. ಆಮೇಲೆ ನಾವೇ ಹೇಳುತ್ತೇವೆ, ಹೆಂಗಸರಿಗೆ ದೊಡ್ಡದು ಮಾಡುವ ಹಂಬಲ ಇಲ್ಲ ಎಂದು.

ಈ ‘ಹಂಬಲ ಇಲ್ಲ’ ಎಂಬ ಮಾತನ್ನು ಸಂಶೋಧಕರು ಪರೀಕ್ಷಿಸಿ ನೋಡಿದ್ದಾರೆ. ಕೋಲ್ಕತ್ತ, ಶ್ರೀಲಂಕಾ ಮತ್ತು ಘಾನಾದ ಸಣ್ಣ ವ್ಯಾಪಾರಿಗಳ ಮೇಲಿನ ಹಳೆಯ ಅಧ್ಯಯನಗಳ ಮಾಹಿತಿಯನ್ನು ಅರ್ಥಶಾಸ್ತ್ರಜ್ಞರ ಒಂದು ತಂಡ ಮತ್ತೆ ಬಿಡಿಸಿ ನೋಡಿತು. ಗಂಡಸರ ಕೈಗೆ ಬಂಡವಾಳ ಕೊಟ್ಟರೆ ಲಾಭ ಏರುತ್ತದೆ, ಹೆಂಗಸರಿಗೆ ಕೊಟ್ಟರೆ ಅಷ್ಟಾಗಿ ಏರುವುದಿಲ್ಲ ಎಂಬುದು ಅಲ್ಲಿಯವರೆಗಿನ ತಿಳಿವಳಿಕೆ. 2019ರಲ್ಲಿ ಪ್ರಕಟವಾದ ಉತ್ತರ ಬೇರೆಯೇ ಆಗಿತ್ತು. ಆಕೆಯ ಹೆಸರಿಗೆ ಬಂದ ಬಂಡವಾಳ ಬಹಳ ಕಡೆ ಗಂಡನ ವ್ಯಾಪಾರಕ್ಕೆ ಹರಿದು ಹೋಗಿತ್ತು. ಮನೆಯಲ್ಲಿ ಆಕೆಯದೊಂದೇ ವ್ಯಾಪಾರ ಇದ್ದ ಕಡೆ ಗಂಡಸರಿಗೂ ಅವರಿಗೂ ಲಾಭದಲ್ಲಿ ಅಂತರ ಕಾಣಲಿಲ್ಲ. ನಮ್ಮೂರಲ್ಲೂ ಇದನ್ನು ಹೇಳಲು ಅರ್ಥಶಾಸ್ತ್ರಜ್ಞ ಬೇಕಿಲ್ಲ. ಅಕ್ಕನ ಹೆಸರಿನ ಸಾಲದಲ್ಲಿ ಮಾವನ ಟಂಟಂ ಗಾಡಿ ಬಂದದ್ದನ್ನು ಪ್ರತಿ ಓಣಿಯೂ ನೋಡಿದೆ. ಕಂತು ಕಟ್ಟುವುದು ಮಾತ್ರ ಅಕ್ಕನ ಪಾಲು.

ಇನ್ನೊಂದು ಅಧ್ಯಯನ ನ್ಯೂಯಾರ್ಕಿನದು. ನವೋದ್ಯಮಗಳಿಗೆ ಬಂಡವಾಳ ಹಾಕುವವರು ವೇದಿಕೆಯ ಮೇಲೆ ಕೇಳಿದ ಪ್ರಶ್ನೆಗಳನ್ನು ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕಿ ಡಾನಾ ಕಾಂಜ್ ಮತ್ತು ಸಂಗಡಿಗರು ವಿಂಗಡಿಸಿದರು. ಗಂಡಸರಿಗೆ ಬಂದ ಪ್ರಶ್ನೆಗಳಲ್ಲಿ ಶೇ 67 ಬೆಳವಣಿಗೆಯವು: ಎಷ್ಟು ಗಿರಾಕಿ ಹಿಡಿಯುತ್ತೀರಿ, ಎಲ್ಲಿಗೆ ಒಯ್ಯುತ್ತೀರಿ. ಹೆಂಗಸರಿಗೆ ಬಂದವುಗಳಲ್ಲಿ ಶೇ 66 ಅಪಾಯದವು: ಇರುವ ಗಿರಾಕಿ ಉಳಿಯುತ್ತಾರಾ, ನಷ್ಟವಾದರೆ ಏನು. ಮುಳುಗುವ ಬಗ್ಗೆ ಕೇಳಿದರೆ ಮುಳುಗದ ಬಗ್ಗೆಯೇ ಉತ್ತರ ಹೇಳಬೇಕಾಗುತ್ತದೆ, ಬೆಳೆಯುವ ಮಾತು ಬಾಯಿಗೇ ಬರುವುದಿಲ್ಲ. ಅಂಥ ಪ್ರಶ್ನೆ ಎದುರಿಸಿದವರಿಗೆ ಬಂಡವಾಳವೂ ಬಹಳ ಕಡಿಮೆ ಸಿಕ್ಕಿತು. ವೈನಿಗೆ ಕಲಬುರಗಿಯಲ್ಲಿ ಕೇಳಿದ್ದೂ ಇದೇ: “ನಾಳೆ ನಿಮಗ ಮೈಯಾಗ ಹುಷಾರ ಇರಲಿಲ್ಲಂದ್ರ ಕಂತು ಯಾರ ಕಟ್ತಾರ?” 250 ರೊಟ್ಟಿಯನ್ನು 600 ಮಾಡುವುದು ಹೇಗೆ ಎಂದು ಒಬ್ಬರೂ ಕೇಳಲಿಲ್ಲ. ಆ ಉತ್ತರ ವೈನಿಯ ಬಳಿ ತಯಾರಿತ್ತು.

ಕಾನೂನು, ಯೋಜನೆಗಳ ಕೊರತೆ ಇದಕ್ಕೆ ಕಾರಣವಲ್ಲ. ಸಣ್ಣ ಉದ್ದಿಮೆಗಳ 10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳಕೂಡದೆಂದು ರಿಸರ್ವ್ ಬ್ಯಾಂಕ್ 2010ರಲ್ಲೇ ಹೇಳಿತ್ತು. 2016ರ ಸ್ಟ್ಯಾಂಡ್ ಅಪ್ ಇಂಡಿಯಾದಲ್ಲಿ ಪ್ರತಿ ಶಾಖೆಯೂ ಕನಿಷ್ಠ ಒಬ್ಬ ಮಹಿಳೆಗೆ, ಒಬ್ಬ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ 10 ಲಕ್ಷದಿಂದ 1 ಕೋಟಿಯವರೆಗೆ ಸಾಲ ಕೊಡಬೇಕೆಂದಿತ್ತು. ರಾಜ್ಯದ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿಯಲ್ಲಿ 3 ಲಕ್ಷದವರೆಗಿನ ಸಾಲಕ್ಕೆ ಸಾಮಾನ್ಯ ವರ್ಗದವರಿಗೆ ಶೇ 30, ಪರಿಶಿಷ್ಟರಿಗೆ ಶೇ 50 ಸಹಾಯಧನ. ಕಿರು ಆಹಾರ ಸಂಸ್ಕರಣೆ ಘಟಕಗಳಿಗೆ ಕೇಂದ್ರದ ಯೋಜನೆಯಲ್ಲಿ ಶೇ 35 ಸಹಾಯಧನವಿದ್ದರೆ ಅದರ ಮೇಲೆ ಕರ್ನಾಟಕ ಶೇ 15 ಸೇರಿಸಿತು. ಇವೆಲ್ಲವೂ ಕೊನೆಗೆ ಹಾದು ಹೋಗಬೇಕಾದದ್ದು ಬ್ಯಾಂಕಿನ ಅದೇ ಮೇಜಿನ ಮೂಲಕ. ಸಹಾಯಧನ ಸಿಗಬೇಕಾದರೂ ಮೊದಲು ಸಾಲ ಮಂಜೂರಾಗಬೇಕು.

ಅರ್ಜಿ ತುಂಬುವುದೇ ಒಂದು ಗೋಡೆ. ಯಾದಗಿರಿ ಜಿಲ್ಲೆಯಲ್ಲಿ 2011ರ ಜನಗಣತಿಯಂತೆ ಓದು ಬಲ್ಲ ಹೆಂಗಸರು ಶೇ 41ರ ಆಸುಪಾಸು, ರಾಜ್ಯದಲ್ಲೇ ಅತಿ ಕಡಿಮೆ. ಅರ್ಜಿಯನ್ನು ಬೇರೆಯವರು ತುಂಬಿದಾಗ ಮೊಬೈಲ್ ನಂಬರ್ ಕೂಡ ಅವರದೇ ಬೀಳುತ್ತದೆ. ಓಟಿಪಿ ಬರುವುದು ಯಾರ ಫೋನಿಗೋ ವ್ಯವಹಾರ ಅವರದು.

ಆಸ್ತಿಯ ಮಾತು ಇನ್ನೂ ಚುಟುಕು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಎಂದು ಕರ್ನಾಟಕ 1994ರಲ್ಲೇ ತಿದ್ದುಪಡಿ ಮಾಡಿತು, ಕೇಂದ್ರಕ್ಕಿಂತ 11 ವರ್ಷ ಮೊದಲು. ಹೊಲ ವಾಟ್ನಿ (ಪಾಲು) ಆಗುವ ದಿನ ತವರಿಗೆ ಕರೆದು, ಸೀರೆ ಉಡಿಸಿ, ಉಡಿ ತುಂಬಿ, ಹಕ್ಕು ಬಿಟ್ಟೆ ಎಂಬ ಕಾಗದಕ್ಕೆ ಸಹಿ ಹಾಕಿಸುವುದು ಇವತ್ತಿಗೂ ನಿಂತಿಲ್ಲ. ಸಹಿ ಹಾಕದವಳಿಗೆ ತವರು ಮುಚ್ಚುತ್ತದೆ. ಆಮೇಲೆ ಬ್ಯಾಂಕು ಕೇಳುತ್ತದೆ, ನಿಮ್ಮ ಹೆಸರಿನಲ್ಲಿ ಏನಿದೆ ಎಂದು.

ಜೊತೆಗಾತಿ

ಬದಲಾವಣೆ ಎಲ್ಲಿಂದ ಬರುತ್ತಿದೆ ಎಂದು ನೋಡಿದರೆ ನನಗೆ ಮೊದಲು ಕಾಣುವುದು ಬಸ್ಸು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಜಾರಿಯಾದ ಮೇಲೆ ಆಳಂದ, ಸೇಡಂ, ಚಿತ್ತಾಪುರ ಕಡೆಯ ಹೆಂಗಸರು ಕಡಕ್ ರೊಟ್ಟಿಯ ಗಂಟು ಹಿಡಿದು ನೇರ ಕಲಬುರಗಿಗೆ ಬರುವುದು ಕಾಣುತ್ತಿದೆ. ಟಿಕೇಟಿನ ದುಡ್ಡು ಉಳಿದದ್ದು ಸರಿ. ಅದಕ್ಕಿಂತ ಹೆಚ್ಚಿನದು, ಹೋಗಲು ಗಂಡನ ಹತ್ತಿರ ರೊಕ್ಕ ಕೇಳಬೇಕಿಲ್ಲ, ಕೇಳಬೇಕಿಲ್ಲವಾದ್ದರಿಂದ ಕಾರಣ ಹೇಳಬೇಕಿಲ್ಲ. ನಾಲ್ಕು ಅಂಗಡಿ ತಿರುಗಿ ದರ ಕೇಳಿದವಳಿಗೆ ಊರಿನ ದಲಾಲಿ ಹೇಳಿದ ದರ ಸುಳ್ಳೆಂದು ತಿಳಿಯುತ್ತದೆ.

ಎರಡನೆಯದು ಜೊತೆ. ಅಹಮದಾಬಾದಿನಲ್ಲಿ ‘ಸೇವಾ’ ಎಂಬ ದುಡಿಯುವ ಹೆಂಗಸರ ಸಂಘದ ಬ್ಯಾಂಕಿನ ಹೆಣ್ಣು ಗ್ರಾಹಕರಿಗೆ ಎರಡು ದಿನದ ವ್ಯಾಪಾರ ತರಬೇತಿ ಕೊಟ್ಟು ಅಧ್ಯಯನ ಮಾಡಿದ್ದರು. ಕೆಲವರನ್ನು ಒಬ್ಬರೇ ಬರಲು, ಕೆಲವರನ್ನು ಗೆಳತಿಯ ಜೊತೆ ಬರಲು ಹೇಳಿದರು. ಪಾಠ ಇಬ್ಬರಿಗೂ ಒಂದೇ. ಗೆಳತಿಯ ಜೊತೆ ಬಂದವರೇ ಮುಂದೆ ಹೆಚ್ಚು ಸಾಲ ಪಡೆದರು, ವ್ಯಾಪಾರಕ್ಕೆ ಹಾಕಿದರು, ಮನೆಯ ಆದಾಯವೂ ಏರಿತು. ಮನೆಯಲ್ಲಿ ಕಟ್ಟುಪಾಡು ಬಿಗಿಯಾಗಿದ್ದವರಲ್ಲಿ ಈ ಪರಿಣಾಮ ಇನ್ನೂ ಹೆಚ್ಚು. ಸ್ತ್ರೀಶಕ್ತಿ, ಸಂಜೀವಿನಿ ಸ್ವಸಹಾಯ ಗುಂಪುಗಳು ನಮ್ಮಲ್ಲಿ ಮಾಡಿದ ಕೆಲಸವೂ ಇದೇ. ರೊಕ್ಕಕ್ಕಿಂತ ಮೊದಲು ಹತ್ತು ಜನ ಒಟ್ಟಿಗೆ ಬ್ಯಾಂಕಿನ ಮೆಟ್ಟಿಲು ಹತ್ತುವ ಧೈರ್ಯ ಕೊಟ್ಟವು.

ಆದರೆ ಗುಂಪೂ ಒಂದು ಚೌಕಟ್ಟಾಗಿ ಬಿಡುವ ಅಪಾಯವಿದೆ. ಒಬ್ಬಳೇ ಹೋಗಿ ತನ್ನ ಹೆಸರಿಗೆ ಸಾಲ ಕೇಳಿದರೆ “ಸಂಘದಾಗ ತಗೊಳ್ರಲ್ಲ” ಎಂಬ ಉತ್ತರ ಸಿಗುತ್ತದೆ. ಗಂಡಸಿಗೆ ಯಾರೂ ಸಂಘ ಕಟ್ಟಿಕೊಂಡು ಬಾ ಎನ್ನುವುದಿಲ್ಲ. ಗುಂಪಿನಲ್ಲಿ ಶುರು ಮಾಡಿದವಳಿಗೆ ಗುಂಪಿನಿಂದ ಹೊರಗೆ ಬೆಳೆಯುವ ದಾರಿಯೂ ಬೇಕು.

ಬೋರ್ಡಿನ ಮೇಲಿನ ಹೆಸರು

ಬಸವಕಲ್ಯಾಣ ಇರುವುದು ಬೀದರ್ ಜಿಲ್ಲೆಯಲ್ಲೇ. ಹನ್ನೆರಡನೇ ಶತಮಾನದ ಅಲ್ಲಿನ ಶರಣೆಯರ ಹೆಸರುಗಳನ್ನು ಒಮ್ಮೆ ನೆನೆಯಿರಿ: ಕೊಟ್ಟಣದ ಸೋಮಮ್ಮ, ಕದಿರ ರೆಮ್ಮವ್ವೆ. ಭತ್ತ ಕುಟ್ಟುವವಳು, ನೂಲುವವಳು. ಅವರ ಗುರುತು ಅವರ ಕಾಯಕ, ಅದು ಅವರ ಹೆಸರಿನೊಳಗೇ ಇದೆ. ಇವತ್ತು ಅದೇ ನೆಲದ ಅಂಗಡಿಗಳ ಬೋರ್ಡು ನೋಡುತ್ತಾ ಹೋಗಿ. ಹೆಣ್ಣು ದುಡಿಯುವ ಅಂಗಡಿಗೆ ಮಗನ ಹೆಸರು, ಮಾವನ ಹೆಸರು, ದೇವರ ಹೆಸರು. ಹೆಣ್ಣಿನ ಹೆಸರಿದ್ದ ಕಡೆ ವಿಚಾರಿಸಿದರೆ ಕೆಲವೊಮ್ಮೆ ಸಹಾಯಧನಕ್ಕಾಗಿ ಆಕೆಯ ಹೆಸರು ಕಾಗದದ ಮೇಲೆ ಹತ್ತಿದ್ದು, ಗಲ್ಲೆಯಲ್ಲಿ ಕೂತವನು ಗಂಡ. ಹೆಂಗಸರ ಒಡೆತನದ ಅಂಕಿ ಓದುವಾಗ ಈ ಎರಡೂ ನೆನಪಿರಬೇಕು. ಮೊದಲ ಬಗೆಯವಳು ಲೆಕ್ಕದಿಂದ ಹೊರಗೆ ಉಳಿದಿರುತ್ತಾಳೆ, ಎರಡನೆಯವಳು ಸುಮ್ಮನೆ ಒಳಗೆ ಸೇರಿರುತ್ತಾಳೆ.

ವೈನಿಯ ಸಾಲದ ಕಥೆ ಹೇಳಿ ಮುಗಿಸುತ್ತೇನೆ. ನಮ್ಮಣ್ಣ ಅರ್ಧ ದಿನ ರಜೆ ಹಾಕಿ ಬ್ಯಾಂಕಿಗೆ ಬಂದ. ಅಧಿಕಾರಿ ಪ್ರಶ್ನೆಗಳನ್ನೆಲ್ಲ ಅವನನ್ನು ನೋಡಿ ಕೇಳಿದರು. ಅಣ್ಣ ಪ್ರತಿ ಸಲ ವೈನಿಯ ಕಡೆ ತಿರುಗಿ “ಎಷ್ಟು?” ಎನ್ನುತ್ತಿದ್ದ, ವೈನಿ ಹೇಳಿದ್ದನ್ನೇ ಮತ್ತೆ ಅಧಿಕಾರಿಗೆ ಹೇಳುತ್ತಿದ್ದ. ಮೂರು ಮೊಳದ ಮೇಜಿನ ಆಚೆ ಈಚೆ ಕೂತ ಇಬ್ಬರ ನಡುವೆ ಮಾತು ಹೀಗೆ ಸುತ್ತಿ ಹೋಯಿತು. ಅವನ ಜಾಮೀನಿನ ಸಹಿಯ ಮೇಲೆ ಒಂದೂವರೆ ಲಕ್ಷ ಮಂಜೂರಾಯಿತು. ನಾದುವ ಯಂತ್ರ ಬಂತು, ಒಂದು ಒಲೆ ಬಂತು, ಛಾವಣಿಯ ಕೆಲಸ ಮುಂದಕ್ಕೆ ಹೋಯಿತು.

ಬೋರ್ಡು ಬರೆಸುವಾಗ ವೈನಿಯ ಹೆಸರೇ ಇರಲಿ ಎಂದು ನಾನು ಹಟ ಹಿಡಿದೆ. ಅವರು ಒಪ್ಪಲಿಲ್ಲ. “ಹೆಣ್ಮಗಳ ಹೆಸರ ನೋಡಿದ್ರ ಉದ್ರಿ ಕೇಳೋರು ಹೆಚ್ಚಾಗ್ತಾರ, ತಿರುಗಿ ಕೊಡೋರು ಕಡಿಮಿ ಆಗ್ತಾರ. ನಿನಗ ತಿಳ್ಯಾಂಗಿಲ್ಲ,” ಎಂದರು. ಒಂಬತ್ತು ವರ್ಷ ವ್ಯವಹಾರ ಮಾಡಿದವರ ಮಾತು, ನಾನು ಸುಮ್ಮನಾದೆ. ಬೋರ್ಡಿನ ಮೇಲೆ ಈಗ ಮಗನ ಹೆಸರಿದೆ. ಆದರೆ ಬಾಗಿಲ ಪಕ್ಕದ ಗೋಡೆಗೆ ರಟ್ಟಿನ ಮೇಲೆ ಅವರೇ ಸ್ಕೆಚ್ ಪೆನ್ನಿನಲ್ಲಿ ಬರೆದು ಅಂಟಿಸಿದ್ದಾರೆ: ಬಿಸಿ ರೊಟ್ಟಿ 8, ಕಡಕ್ 9, ಉದ್ರಿ ಇಲ್ಲ. ಹಳೆಯ ಖಾನಾವಳಿಯವನು ಒಂದು ವಾರ ಬರಲಿಲ್ಲ. ಎಂಟನೆಯ ದಿನ ಹುಡುಗನ ಕೈಯಲ್ಲಿ ಡಬ್ಬಿ ಕಳಿಸಿ ನೂರು ರೊಟ್ಟಿ ತರಿಸಿಕೊಂಡ, ಎಂಟರ ಲೆಕ್ಕದಲ್ಲೇ.